ಹೆಚ್ಚು ಬೆಳಗಿದ ಸೀಸೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೀಟರ್ ಎಂದು. ಹೆಸರು ಬಂದದ್ದು ತಮಾಷೆಗೆ, ಉಳಿದದ್ದು ಮರ್ಯಾದೆಗೆ. ಬೆಳಕು ಅಳೆಯುವ ಯಂತ್ರವೊಂದು ಅಲ್ಲಿ ಮೇಜಿನ ಅರ್ಧ ಜಾಗ ನುಂಗಿಕೊಂಡು ಕೂತಿತ್ತು. ಸೀಸೆಯೊಂದನ್ನು ಅದರ ಹೊಟ್ಟೆಗೆ ಹಾಕಿದರೆ ಐದು ನಿಮಿಷ ಗುರ್ ಎಂದು ಯೋಚನೆ ಮಾಡಿ, ಇಷ್ಟು ಬೆಳಕು ಎಂದು ಒಂದು ಅಂಕಿ ತೋರಿಸುತ್ತಿತ್ತು. ಇವನು ಅದೇ ಸೀಸೆಯನ್ನು ನೀಲಿ ದೀಪದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಯಂತ್ರ ಬಾಯಿ ಬಿಡುವ ಮೊದಲೇ ಅಂಕಿ ಹೇಳಿಬಿಡುತ್ತಿದ್ದ. ಎರಡೋ ಮೂರೋ ಅತ್ತಿತ್ತ ಆದರೆ ಹೆಚ್ಚು. “ಯಂತ್ರ ಕೆಟ್ಟರೆ ಚಿಂತೆ ಇಲ್ಲ, ಮೀಟರ್‌ಗೆ ನೆಗಡಿ ಬರಬಾರದು ಅಷ್ಟೇ” ಎನ್ನುತ್ತಿದ್ದರು ಅಲ್ಲಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಮೇಡಮ್.

ಆ ಕಣ್ಣು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಬಲ್ಬಿನ ಕಾರ್ಖಾನೆ ಸೇರಿದವನು ಇಪ್ಪತ್ತಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಕೆಲಸ ಮಾಡಿದ್ದ. ಚಲಿಸುವ ಪಟ್ಟಿಯ ಮೇಲೆ ಬಲ್ಬುಗಳು ಉರಿಯುತ್ತಾ ಸಾಗಿ ಬರುತ್ತಿದ್ದವು. ಚೆನ್ನಾಗಿ ಬೆಳಗಿದ್ದನ್ನು ಮುಂದಕ್ಕೆ ಬಿಡಬೇಕು, ಮಂಕಾದದ್ದನ್ನು ತೆಗೆದು ಎಡಗಡೆಯ ತಗಡಿನ ಡಬ್ಬಕ್ಕೆ ಎಸೆಯಬೇಕು. ದಿನಕ್ಕೆ ನಾಲ್ಕು ಸಾವಿರ ಬಲ್ಬು. ನಿದ್ದೆಯಲ್ಲೂ ಇವನ ಎಡಗೈ ಏನನ್ನೋ ಎಸೆಯುತ್ತದೆ ಎಂದು ಅಕ್ಕ ಹೇಳಿ ನಗುತ್ತಿದ್ದಳು. ಡಬ್ಬಕ್ಕೆ ಬಿದ್ದ ಬಲ್ಬುಗಳನ್ನು ಕಾರ್ಖಾನೆಯವರು ವರ್ಷಕ್ಕೊಮ್ಮೆ ಕೆಲಸಗಾರರಿಗೇ ಹಂಚುತ್ತಿದ್ದರು, ಅದಕ್ಕೊಂದು ಭಾಷಣ ಬೇರೆ. ಊರಿಗೆಲ್ಲ ಬೆಳಕು ಕಳಿಸಿದವರ ಮನೆಗಳಲ್ಲಿ ಜ್ವರ ಬಂದಂಥ ಹಳದಿ ಬೆಳಕು. ಒಳ್ಳೆಯದು ಮುಂದೆ ಹೋಗುತ್ತದೆ, ಮಂಕಾದದ್ದು ನಮ್ಮ ಪಾಲಿಗೆ ಬರುತ್ತದೆ ಎಂಬುದನ್ನು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವನು ಸೇರಿದ್ದು ದೊಡ್ಡಾಸ್ಪತ್ರೆಯ ಎದುರಿಗಿದ್ದ ಈ ಪ್ರಯೋಗಾಲಯಕ್ಕೆ. ಮೊದಲು ಗಾಜಿನ ಪಾತ್ರೆ ತೊಳೆಯುವ ಕೆಲಸ, ಆಮೇಲೆ ಸೀಸೆಗಳ ಉಸ್ತುವಾರಿ. ಅಲ್ಲಿ ತಯಾರಾಗುತ್ತಿದ್ದದ್ದು ಬೆಳಕು ಸೂಸುವ ಪಾಲಿಮರ್. ಪಾಲಿಮರ್ ಎಂದರೆ ಪ್ಲಾಸ್ಟಿಕ್ಕಿನ ದಾಯಾದಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಅಣುಗಳ ಉದ್ದನೆಯ ಸರಪಣಿ. ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಮಾಡಿ ರೋಗಿಯ ರಕ್ತಕ್ಕೆ ಬಿಟ್ಟರೆ, ಹೋಗಿ ಗಡ್ಡೆಯಲ್ಲಿ ಕೂರುತ್ತದೆ. ಮೇಲೆ ನೀಲಿ ಬೆಳಕು ಹಾಯಿಸಿದರೆ ಗಡ್ಡೆ ಕೆಂಡದಂತೆ ಹೊಳೆಯುತ್ತದೆ, ಶಸ್ತ್ರಚಿಕಿತ್ಸೆಯ ಡಾಕ್ಟರು ಅಂಚು ನೋಡಿಕೊಂಡು ಕತ್ತರಿಸುತ್ತಾರೆ. ಎಂಟು ವರ್ಷ ಆ ಸೀಸೆಗಳನ್ನು ಆರಿಸಿದವನು ಇವನೇ. ಹೆಚ್ಚು ಬೆಳಗಿದ್ದು ಒಳ್ಳೆಯ ಸೀಸೆ, ಮಂಕಾದದ್ದು ಕೆಟ್ಟ ಸೀಸೆ. ಕಾರ್ಖಾನೆಯ ಕಾನೂನೇ ಇಲ್ಲೂ ನಡೆಯುತ್ತಿತ್ತು.

ಅವನನ್ನು ಸಾಕಿದವಳು ಅಕ್ಕ. ಅಮ್ಮ ಸತ್ತಾಗ ಇವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಅವಳು ದರ್ಜಿ ಅಂಗಡಿಗಳಿಗೆ ಕಾಜಾ ಹಾಕಿ ಕೊಡುತ್ತಿದ್ದಳು, ಅಂದರೆ ಗುಂಡಿ ತೂರುವ ಕಿಂಡಿಗಳ ಸುತ್ತ ದಾರ ಸುತ್ತುವುದು. ಕೋಟು ಹೊಲಿದವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಕಾಜಾ ಹಾಕಿದವಳ ಹೆಸರು ದರ್ಜಿಗೂ ಮರೆತುಹೋಗಿರುತ್ತದೆ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸ್ಸು ಬಂದಳು. ಇವನು ಮದುವೆಯನ್ನೇ ಆಗಲಿಲ್ಲ. ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದರು. ಅಕ್ಕನ ಬೈಗುಳ ಕೇಳದಿದ್ದರೆ ಅವನಿಗೆ ಬೆಳಗಾದಂತೆಯೇ ಆಗುತ್ತಿರಲಿಲ್ಲ.

ಆ ಬಾಯಿಗೇ ರೋಗ ಬಂತು. ಎಡಗೆನ್ನೆಯ ಒಳಗೆ ಗಡ್ಡೆ. “ಬೈಯೋದು ಬಿಟ್ಟು ಈ ಬಾಯಿಂದ ಒಂದು ತಪ್ಪೂ ಮಾಡಿಲ್ಲ ಕಣೋ ನಾನು” ಎಂದಳು ಅಕ್ಕ. ಒಮ್ಮೆ ಕತ್ತರಿಸಿದರು, ಮತ್ತೆ ಬಂತು. ವಿಕಿರಣದ ಕರೆಂಟು ಕೊಟ್ಟರು, ಹೋಗಿ ಮತ್ತೆ ಬಂತು. ಇನ್ನು ಕತ್ತರಿಸಲು ಕೆನ್ನೆಯೇ ಉಳಿದಿಲ್ಲ ಎಂದರು ಡಾಕ್ಟರು. ಉಳಿದದ್ದು ಒಂದೇ ದಾರಿ. ಪ್ರಯೋಗಾಲಯದಲ್ಲಿ ಒಂದು ವರ್ಷದಿಂದ ಹೊಸ ಬಗೆಯ ಪಾಲಿಮರ್ ಒಂದನ್ನು ಮಾಡುತ್ತಿದ್ದರು. ಅದು ಗಡ್ಡೆಯಲ್ಲಿ ಕೂತ ಮೇಲೆ ಕೂದಲೆಳೆಯಂಥ ಗಾಜಿನ ಕೊಳವೆಯಿಂದ ಕೆಂಪು ಬೆಳಕು ಬಿಟ್ಟರೆ, ಕೂತಲ್ಲಿಯೇ ಗಡ್ಡೆಯನ್ನು ಸುಡುತ್ತದೆ. ಇಪ್ಪತ್ತು ಜನರ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಗಡ್ಡೆ ಹತ್ತು ಮಿಲಿಮೀಟರಿಗಿಂತ ದಪ್ಪ ಇರಬಾರದು, ಅದಕ್ಕಿಂತ ಆಳಕ್ಕೆ ಬೆಳಕು ಮುಟ್ಟುವುದಿಲ್ಲ. ಅಕ್ಕನದು ಏಳು ಇತ್ತು. ಮೇಡಮ್ ತಾವೇ ಓಡಾಡಿ ಅವಳನ್ನು ಪಟ್ಟಿಗೆ ಸೇರಿಸಿದರು. ಅವಳ ಸಂಖ್ಯೆ ಹದಿನೇಳು.

ಸೀಸೆಗಳನ್ನು ಹಿಂದಿನ ದಿನವೇ ಶೀತಪೆಟ್ಟಿಗೆಯಿಂದ ತೆಗೆದು, ಬೆಳಕು ತಾಗದಂತೆ ಬೆಳ್ಳಿಹಾಳೆ ಸುತ್ತಿ, ಸಂಖ್ಯೆಯ ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ರಸ್ತೆ ದಾಟಿ ಆಸ್ಪತ್ರೆಗೆ ಕೊಡುವುದು ಮೀಟರ್‌ನ ಕೆಲಸ. ಮೇಲಿನ ಹಲಗೆಯಲ್ಲಿ ಗಡ್ಡೆ ತೋರಿಸುವ ಸೀಸೆಗಳು, ಕೆಳಗಿನ ಹಲಗೆಯಲ್ಲಿ ಸುಡುವ ಸೀಸೆಗಳು. ಮಾಮೂಲಿ ಬೆಳಕಿನಲ್ಲಿ ಎರಡೂ ಒಂದೇ ಬಣ್ಣದ ಕೆಂಪು ನೀರು. ಕೆಳಗಿನ ಹಲಗೆಯದನ್ನು ನೀಲಿ ದೀಪಕ್ಕೆ ಹಿಡಿದು ನೋಡುವ ಅಗತ್ಯವಿಲ್ಲ, ಹಾಗೇ ಸುತ್ತಿಬಿಡು ಎಂದು ಅವನಿಗೆ ಹೇಳಿದ್ದರು. ಹದಿನಾರು ಸೀಸೆಗಳನ್ನು ಅವನು ಹಾಗೇ ಸುತ್ತಿದ್ದ. ಹದಿನೇಳನೆಯದು ಅಕ್ಕನದಲ್ಲವೇ? ಕೈ ತಡೆಯಲಿಲ್ಲ. ನೀಲಿ ದೀಪಕ್ಕೆ ಹಿಡಿದ.

ಬೂದಿ ಮುಚ್ಚಿದ ಕೆಂಡದಷ್ಟೂ ಬೆಳಕಿರಲಿಲ್ಲ ಅದರಲ್ಲಿ. ಪಕ್ಕದ ಸೀಸೆ ಹಿಡಿದ, ಅದೂ ಮಂಕು. ಮೇಲಿನ ಹಲಗೆಯಿಂದ ಒಂದನ್ನು ತೆಗೆದು ಹಿಡಿದ, ಕೋಣೆಯ ಗೋಡೆಯೇ ಕೆಂಪಾಯಿತು. ಅವನಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು, ಅಥವಾ ಹಾಗೆಂದುಕೊಂಡ. ಒಳ್ಳೆಯದು ಕಾಸು ಕೊಟ್ಟು ಕತ್ತರಿಸಿಕೊಳ್ಳುವವರಿಗೆ. ಪುಕ್ಕಟೆ ಪರೀಕ್ಷೆಗೆ ಬಂದವರಿಗೆ ತಗಡಿನ ಡಬ್ಬದ್ದು. ನೋಡಬೇಡ ಎಂದು ಹೇಳಿದ್ದು ಇದಕ್ಕೇ! ಮೇಡಮ್ ಅಂಥವರಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಭಾಷಣ ಮಾಡಿದ ಕಾರ್ಖಾನೆಯ ಮಾಲೀಕನೂ ನೋಡಲು ಒಳ್ಳೆಯವನಂತೆಯೇ ಇದ್ದ ಎಂದು ಇನ್ನೊಂದು ಮೂಲೆ ಹೇಳಿತು. ಕೇಳಬಹುದಿತ್ತು. ಮೇಡಮ್ ಕೋಣೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ಆದರೆ ಉರಿಯುವ ಬಲ್ಬು ಒಳ್ಳೆಯದೋ ಆರಿದ ಬಲ್ಬು ಒಳ್ಳೆಯದೋ ಎಂದು ಯಾರಾದರೂ ಕೇಳಿಕೊಂಡು ಹೋಗುತ್ತಾರೆಯೇ? ಮೇಲಿನ ಹಲಗೆಯ ಸೀಸೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳಗುವುದನ್ನು ಹುಡುಕಿ ಬೆಳ್ಳಿಹಾಳೆ ಸುತ್ತಿದ. ಅದರ ಮೇಲೆ ಹದಿನೇಳರ ಚೀಟಿ ಅಂಟಿಸಿ, ಮಂಕು ಸೀಸೆಯನ್ನು ಎಡಗೈಯಿಂದ ಕೆಳಗಿನ ಹಲಗೆಯ ಹಿಂದುಗಡೆಗೆ ತಳ್ಳಿದ.

ಚಿಕಿತ್ಸೆಯ ದಿನ ಮೇಡಮ್ ಅವನನ್ನೂ ಒಳಗೆ ಬಿಡಿಸಿದರು. ಅಕ್ಕನ ಬಾಯಿಗೆ ನೀಲಿ ಬೆಳಕು ಹಿಡಿದಾಗ ಪರದೆಯ ಮೇಲೆ ಗಡ್ಡೆ ಧಗಧಗ ಹೊಳೆಯಿತು. “ಇಷ್ಟು ಚೆನ್ನಾಗಿ ಹೀರಿಕೊಂಡದ್ದನ್ನು ನಾನು ನೋಡೇ ಇಲ್ಲ” ಎಂದರು ಡಾಕ್ಟರು. ಮೀಟರ್‌ನ ಕಣ್ಣಲ್ಲಿ ನೀರು ಬಂತು. ಜೀವಮಾನದಲ್ಲಿ ಮೊದಲ ಸಲ ಒಳ್ಳೆಯ ಬಲ್ಬು ತಮ್ಮ ಮನೆಗೆ ಬಂದಿತ್ತು. ಆಮೇಲೆ ಹದಿನೈದು ನಿಮಿಷ ಕೆಂಪು ಬೆಳಕು ಬಿಟ್ಟರು. ಬೇರೆ ರೋಗಿಗಳು ಹಲ್ಲು ಕಚ್ಚಿ ನರಳುತ್ತಿದ್ದರಂತೆ. ಅಕ್ಕ ಎದ್ದು ಕೂತು, “ಇಷ್ಟೇನಾ? ಚುರುಕ್ ಅನ್ನಲೂ ಇಲ್ಲ, ಇದಕ್ಕಿಂತ ಸೂಜಿ ಚುಚ್ಚಿದ್ರೆ ಜಾಸ್ತಿ ನೋಯುತ್ತೆ” ಎಂದಳು. ಡಾಕ್ಟರೂ ನಕ್ಕರು.

ಔಷಧ ಮೈಯಲ್ಲಿ ಇರುವ ತನಕ ಬಿಸಿಲು ತಾಗಬಾರದು, ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ, ಆರು ವಾರ ಕತ್ತಲೆ ಕೋಣೆಯಲ್ಲಿರಬೇಕು ಎಂದು ಹೇಳಿ ಕಳಿಸಿದರು. ಮೀಟರ್ ಕಿಟಕಿಗೆ ಕಪ್ಪು ಕಂಬಳಿ ಹೊಡೆದ, ಬಾಗಿಲಿನ ಸಂದಿಗೆ ಹಳೆ ಬಟ್ಟೆ ತುರುಕಿದ. ಅಕ್ಕ ಕತ್ತಲಲ್ಲಿ ಕೂತು ಬೆರಳಿನ ಅಂದಾಜಿನಲ್ಲೇ ಕಾಜಾ ಹಾಕಿದಳು. “ಕಣ್ಣಿದ್ದಾಗ ಹಾಕಿದ್ದಕ್ಕಿಂತ ನೆಟ್ಟಗೆ ಬಂದಿದೆ ನೋಡು” ಎಂದು ಬೀಗಿದಳು.

ಆರನೆಯ ದಿನ ಸಂಜೆ ಅವನು ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

“ಲೋ, ಬೈಬೇಡ. ಮಧ್ಯಾಹ್ನ ಕಂಬಳಿ ಕಳಚಿ ಬಿದ್ದಿದೆ, ನಂಗೆ ಗೊತ್ತೇ ಆಗಿಲ್ಲ. ಮಲಗಿಬಿಟ್ಟಿದ್ದೆ. ಎದ್ದು ನೋಡಿದ್ರೆ ಎರಡು ಗಂಟೆ ಹೊತ್ತು ಬಿಸಿಲು ನೆಟ್ಟಗೆ ನನ್ನ ಕೈ ಮೇಲೇ ಬಿದ್ದಿದೆ!”

“ಎಲ್ಲಿ, ತೋರಿಸು.”

ಅಕ್ಕ ಹೆಮ್ಮೆಯಿಂದ ಕೈ ಚಾಚಿದಳು. “ಏನೂ ಆಗಿಲ್ಲ! ಒಂದು ಗುಳ್ಳೆ ಇಲ್ಲ, ಕೆಂಪಗೂ ಆಗಿಲ್ಲ. ನಿಮ್ಮ ಡಾಕ್ಟ್ರು ಸುಮ್ನೆ ಹೆದರಿಸ್ತಾರೆ. ನನ್ನ ಚರ್ಮ ಗಟ್ಟಿ ಕಣೋ.”

ಅವನು ನಗಲು ಹೋದ, ಬರಲಿಲ್ಲ. ಬೇರೆ ರೋಗಿಗಳ ಕೈಗಳನ್ನು ಅವನು ನೋಡಿದ್ದ. ಒಬ್ಬರಿಗೆ ಬಸ್ಸಿನ ಕಿಟಕಿಯಲ್ಲಿ ಹತ್ತು ನಿಮಿಷ ಬಿದ್ದ ಬಿಸಿಲಿಗೇ ಮೊಣಕೈ ತನಕ ಸುಟ್ಟಂತಾಗಿತ್ತು. ಬಿಸಿಲು ಅಕ್ಕನಿಗೆ ಏನೂ ಮಾಡಲಿಲ್ಲ ಎಂದರೆ ಕೆಂಪು ಬೆಳಕು ಏನು ಮಾಡಿತ್ತು?

ಮರುದಿನ ಬೆಳಿಗ್ಗೆ ಮೇಡಮ್ ಒಬ್ಬರೇ ಇದ್ದಾಗ, ಮಾತಿಗೆ ಮಾತು ಬಂದಂತೆ ಕೇಳಿದ. “ಮೇಡಮ್, ಆ ಕೆಳಗಿನ ಹಲಗೆಯ ಸೀಸೆಗಳು ಯಾಕೆ ಅಷ್ಟು ಮಂಕು?”

“ಮಂಕಾಗಿರಲೇಬೇಕು ಮೀಟರ್. ಒಂದೇ ಟ್ಯಾಂಕು, ಎರಡು ನಲ್ಲಿ ಅಂತ ಇಟ್ಕೋ. ಅದು ಹೀರಿದ ಬೆಳಕೆಲ್ಲ ಹೊಳೆಯೋದಕ್ಕೇ ಹೋದ್ರೆ ಸುಡೋದಕ್ಕೆ ಏನೂ ಉಳಿಯಲ್ಲ. ನಾವು ಕಷ್ಟಪಟ್ಟು ಹೊಳಪು ತಗ್ಗಿಸಿದ್ದೇವೆ, ಸುಡೋ ಶಕ್ತಿ ಬರಲಿ ಅಂತ. ಎಷ್ಟು ಮಂಕೋ ಅಷ್ಟು ಒಳ್ಳೇದು.” ಅವರು ತಲೆಯೆತ್ತಿ ನೋಡಿದರು. “ಅವತ್ತು ಎಲ್ಲರನ್ನೂ ಕೂರಿಸಿ ಹೇಳಿದ್ವಲ್ಲ? ನೀನಿರಲಿಲ್ವಾ?”

ಅವನಿರಲಿಲ್ಲ. ಅವತ್ತು ಅವನನ್ನು ಅನಿಲದ ಸಿಲಿಂಡರ್ ತರಲು ಕಳಿಸಿದ್ದರು. ಇಂಥವರನ್ನು ಯಾವಾಗಲೂ ಏನನ್ನೋ ತರಲು ಕಳಿಸಿರುತ್ತಾರೆ. ಸೀಸೆ ಸುತ್ತುವವನಿಗೆ ಸೀಸೆಯಲ್ಲಿ ಏನಿದೆ ಎಂದು ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ, ಕೇಳಬೇಕೆಂದು ಅವನಿಗೂ ಹೊಳೆಯುವುದಿಲ್ಲ. ಯಾರ ಮೇಲೆ ಸಿಟ್ಟಾಗೋಣ? ನನಗಂತೂ ಇಬ್ಬರ ಮೇಲೂ ಸಿಟ್ಟಿದೆ.

ಆ ಕ್ಷಣವೇ ಹೇಳಿಬಿಡಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಯಾರೋ ಮೇಡಮ್ಮನ್ನು ಕರೆದರು, ಅವರು ಎದ್ದು ಹೋದರು, ಮಾತು ಗಂಟಲಿಗೆ ಇಳಿಯಿತು. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂತು. ಕೆಲಸ ಹೋಗುತ್ತದೆ ಎಂಬ ಭಯವಿತ್ತು, ನಿಜ. ಚೀಟಿ ಬದಲಾಯಿಸಿದ್ದಕ್ಕೆ ಪರೀಕ್ಷೆಯನ್ನೇ ನಿಲ್ಲಿಸಿದರೆ ಉಳಿದವರ ಗತಿ ಏನು ಎಂಬ ನೆವವಿತ್ತು. ಇವೆಲ್ಲ ಅವನು ತನಗೆ ತಾನೇ ಹೇಳಿಕೊಂಡ ಅಜ್ಜಿಕಥೆ. ಅವನಿಗೆ ನಿಜವಾಗಿ ಬೇಡವಾಗಿದ್ದದ್ದು ಒಂದೇ, ಅಕ್ಕನಿಗೆ ಗೊತ್ತಾಗುವುದು. ಅವಳನ್ನು ಉಳಿಸುತ್ತೇನೆಂದು ಹೋಗಿ, ಅವಳ ಪಾಲಿಗೆ ಬಂದಿದ್ದ ಒಂದೇ ಒಂದು ಸೀಸೆಯನ್ನು ಎಡಗೈಯಿಂದ ಎಸೆದವನು ತಾನು ಎಂದು ಅವಳ ಮುಖ ನೋಡಿ ಹೇಳುವುದು ಹೇಗೆ? ಹೊಳೆಯುವುದೂ ನಿಧಾನವಾಗಿ ಸುಡಬಹುದೇನೋ ಎಂದು ಒಂದು ಆಸೆಯನ್ನು ಹುಟ್ಟಿಸಿಕೊಂಡ. ಮೇಡಮ್ ಕೋಣೆಯ ಬಾಗಿಲ ತನಕ ಹೋಗಿ ವಾಪಸ್ಸು ಬಂದ. ಹೀಗೆ ನಾಲ್ಕು ಸಲ.

ಇದಕ್ಕಿಂತ ನಾಚಿಕೆಗೇಡಿನ ಕೆಲಸ ಇನ್ನೊಂದು ಮಾಡಿದ. ಕಿಟಕಿಯ ಕಂಬಳಿಯನ್ನು ಮತ್ತೆ ಹೊಡೆದ. ಈ ಸಲ ಗೇಣಿಗೊಂದು ಮೊಳೆ.

“ಬಿಸಿಲು ನಂಗೇನೂ ಮಾಡಲ್ಲ ಅಂತ ಗೊತ್ತಾಯ್ತಲ್ಲ, ತೆಗೆದುಬಿಡೋ” ಎಂದಳು ಅಕ್ಕ.

“ಡಾಕ್ಟ್ರು ಆರು ವಾರ ಅಂದಿದ್ದಾರೆ. ಸುಮ್ನೆ ಇರು.”

ತಮ್ಮ ಇಷ್ಟು ಕಾಳಜಿ ಮಾಡುತ್ತಾನಲ್ಲ ಎಂದು ಅವಳು ಸುಮ್ಮನಾದಳು. ಕತ್ತಲೆಗೆ ಅರ್ಥವಿಲ್ಲ ಎಂದು ಗೊತ್ತಿದ್ದೂ ಅವನು ಮೊಳೆಯ ಮೇಲೆ ಮೊಳೆ ಹೊಡೆದ. ಕಂಬಳಿ ತೆಗೆದರೆ ಸುಳ್ಳು ಬಿದ್ದುಹೋಗುತ್ತಿತ್ತು.

ಎರಡನೆಯ ವಾರ ಅಕ್ಕನಿಗೆ ನೀರು ನುಂಗಲು ಕಷ್ಟವಾಯಿತು. “ಔಷಧ ಕೆಲಸ ಮಾಡ್ತಿರಬೇಕು, ಅದಕ್ಕೇ ನೋವು” ಎಂದಳು. ಮೂರನೆಯ ವಾರ ದಿಂಬಿನ ಮೇಲೆ ರಕ್ತ. ದಿಂಬಿನ ಚೀಲವನ್ನು ಅವನಿಗೆ ಕಾಣದಂತೆ ಅವಳೇ ಒಗೆದು ಹಾಕಿದಳು, ಅವನು ಕಂಡೂ ಕಾಣದಂತಿದ್ದ. ಅವಳ ಬೈಗುಳ ದಿನದಿನಕ್ಕೆ ಚಿಕ್ಕದಾಯಿತು. ಕೊನೆಗೆ ಎರಡು ಮಾತಿಗೆ ಇಳಿಯಿತು, ‘ಹೂಂ’ ಮತ್ತು ‘ಬೇಡ’. ಅವನು ಊಟದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದ. ಎಡಗೈಯನ್ನು ಕಡಿದು ಹಾಕಬೇಕು ಅನ್ನಿಸುತ್ತಿತ್ತು.

ಇಪ್ಪತ್ತೆಂಟನೆಯ ದಿನ ತಪಾಸಣೆ. ಅಕ್ಕ ಉದ್ದ ತೋಳಿನ ಅಂಗಿ, ಕೈಗವಸು, ಕಪ್ಪು ಕನ್ನಡಕ ತೊಟ್ಟು, ಮೇಲೊಂದು ಛತ್ರಿ ಹಿಡಿದು ಅವನ ಜೊತೆ ನಡೆದಳು. ಕೆಳಗಿನ ಅಂಗಡಿಯವನು “ಸಿನಿಮಾದೋರು ಯಾರೋ ಬಂದ್ರು” ಎಂದು ಚುಡಾಯಿಸಿದ. ಅಕ್ಕ ಕೈಯೆತ್ತಿ ಬೀಸಿದಳು, ಸಿನಿಮಾದವರ ಹಾಗೆಯೇ.

ಡಾಕ್ಟರು ಅಳೆದರು. ಎರಡನೆಯ ಸಲ ಅಳೆದರು. ಅಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಲು ಹೇಳಿ, ಮೇಡಮ್ ಕಡೆ ತಿರುಗಿ, “ಹದಿನಾಲ್ಕು ಮಿಲಿಮೀಟರ್. ಔಷಧ ನಾಟಿಲ್ಲ. ಹದಿನೇಳನ್ನು ಪಟ್ಟಿಯಿಂದ ತೆಗೀಬೇಕು” ಎಂದರು.

“ಔಷಧದ್ದು ತಪ್ಪಿಲ್ಲ ಡಾಕ್ಟ್ರೇ!” ಮೀಟರ್‌ನ ದನಿ ಅವನಿಗೇ ಗುರುತು ಸಿಗಲಿಲ್ಲ. “ಔಷಧ ಅವಳಿಗೆ ಸಿಕ್ಕೇ ಇಲ್ಲ. ನಾನು ಮೇಲಿನ ಹಲಗೇದು ಕೊಟ್ಟೆ. ಹೆಚ್ಚು ಬೆಳಗಿದ್ದು ಒಳ್ಳೇದು ಅಂತ ಕೊಟ್ಟೆ. ಅವಳ ಸೀಸೆ ಹಾಗೇ ಇದೆ, ಕೆಳಗಿನ ಹಲಗೇಲಿ ಹಿಂದುಗಡೆ ಇಟ್ಟಿದ್ದೀನಿ. ಈಗ ಕೊಡಿ. ನನ್ನ ಕೆಲಸ ತೆಗೀರಿ, ಪೊಲೀಸರಿಗೆ ಕೊಡಿ, ಏನಾದ್ರೂ ಮಾಡಿ, ಅದೊಂದು ಕೊಟ್ಟುಬಿಡಿ!”

ಮೇಡಮ್ ಗೋಡೆಗೆ ಕೈ ಊರಿದರು.

“ಯಾವಾಗ ಗೊತ್ತಾಯ್ತು ನಿಂಗೆ, ತಪ್ಪು ಅಂತ?” ಡಾಕ್ಟರು ಕೇಳಿದರು.

“ಇಪ್ಪತ್ತೊಂದು ದಿನ ಆಯ್ತು.”

ಡಾಕ್ಟರು ಅಳತೆಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಅವತ್ತು ಎಂಟು ಇದ್ದಿರಬೇಕು. ಅವತ್ತು ಹೇಳಿದ್ರೆ ಸಂಜೆಗೇ ಕೊಡ್ತಿದ್ದೆ. ಹದಿನಾಲ್ಕಕ್ಕೆ ಬೆಳಕು ತಳ ಮುಟ್ಟಲ್ಲಪ್ಪ. ಮೇಲೆ ಸುಟ್ಟು ಕೆಳಗೆ ಹಾಗೇ ಉಳಿಯುತ್ತೆ, ಒಳಗಿನ ರಕ್ತನಾಳ ಒಡೀಬಹುದು. ಕೊಡೋಕಾಗಲ್ಲ.” ಅವರು ಬೈದಿದ್ದರೆ ಚೆನ್ನಾಗಿತ್ತು.

ಮೀಟರ್ ಅವರ ಕಾಲು ಹಿಡಿಯಲು ಬಗ್ಗಿದ. ಮೇಡಮ್ ಅವನ ರಟ್ಟೆ ಹಿಡಿದು ಎತ್ತಿದರು. “ಕೇಳಬಹುದಿತ್ತಲ್ಲ ಮೀಟರ್,” ಎಂದರು. “ನಾನಾದ್ರೂ ಹೇಳಬಹುದಿತ್ತು.”

ಅಕ್ಕ ಬಂದ ಹಾಗೆಯೇ ಛತ್ರಿ ಹಿಡಿದು ವಾಪಸ್ಸು ನಡೆದಳು. ಮನೆಗೆ ಬಂದು, ಕತ್ತಲಲ್ಲಿ ಮಂಚದ ಮೇಲೆ ಕೂತು, ಕನ್ನಡಕ ತೆಗೆದು, “ಹೇಳು” ಎಂದಳು.

ಅವನು ಹೇಳಿದ. ಮೇಲಿನ ಹಲಗೆ, ಕೆಳಗಿನ ಹಲಗೆ, ನೀಲಿ ದೀಪ, ಚೀಟಿ, ಕಂಬಳಿ ಬಿದ್ದ ದಿನ, ಮೇಡಮ್ ಹೇಳಿದ ನಲ್ಲಿಯ ಮಾತು, ಇಪ್ಪತ್ತೊಂದು ದಿನ, ಎಂಟು, ಹದಿನಾಲ್ಕು. ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ನೆಲದ ಮೇಲೆ ಕೂತ. “ಬೈಯಕ್ಕಾ,” ಎಂದ. “ಬಾಯಿಗೆ ಬಂದಂತೆ ಬೈ. ಹೊಡಿ.”

ಅಕ್ಕ ಕೈಗವಸುಗಳನ್ನು ಒಂದೊಂದಾಗಿ ಕಳಚಿ ಮಡಿಲಲ್ಲಿಟ್ಟುಕೊಂಡಳು. ಮಾತಾಡಲು ಅವಳಿಗೆ ನೋಯುತ್ತಿತ್ತು, ಆದ್ದರಿಂದ ಒಂದೊಂದೇ ಮಾತನ್ನು ಆರಿಸಿ ಆಡಿದಳು.

“ಸೀಸೆ ಬದಲಾಯಿಸಿದ್ದು ಬಿಡು. ಒಳ್ಳೇದು ಅಂತ ಕೊಟ್ಟೆ. ನಾನಾಗಿದ್ರೂ ಅದನ್ನೇ ಕೊಡ್ತಿದ್ದೆ.” ತಡೆದು ಉಸಿರೆಳೆದುಕೊಂಡಳು. “ಇಪ್ಪತ್ತೊಂದು ದಿನ ನನ್ನ ಯಾಕೋ ಕತ್ತಲಲ್ಲಿ ಕೂರಿಸಿದೆ?”

ಅಕ್ಕ ಕಿಟಕಿಯ ಕಡೆ ಬೆರಳು ತೋರಿಸಿದಳು.

ಅವನು ಇಕ್ಕಳ ತಂದು ಮೊಳೆ ಕೀಳತೊಡಗಿದ. ಗೇಣಿಗೊಂದು ಹೊಡೆದಿದ್ದ, ಒಂದೊಂದೂ ಹಟ ಹಿಡಿದು ಬಂತು. ಕೊನೆಯ ಎರಡು ಮೊಳೆ ಇರುವಾಗಲೇ ಕಂಬಳಿ ಭಾರಕ್ಕೆ ಹರಿದು ಕೆಳಗೆ ಬಿತ್ತು. ಮಧ್ಯಾಹ್ನದ ಬಿಸಿಲು ನೇರವಾಗಿ ಒಳಗೆ ನುಗ್ಗಿತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದ. ಅಕ್ಕ ಹಿಡಿಯಲಿಲ್ಲ. ಎದ್ದು ಬಂದು ಕಿಟಕಿಯ ಮುಂದೆ ನಿಂತಳು, ಎರಡೂ ಕೈ ಚಾಚಿದಳು, ಮುಖ ಎತ್ತಿದಳು, ಆಮೇಲೆ ನೋವಿಗೆ ಮುಖ ಕಿವುಚಿಕೊಂಡು ಬಾಯಿಯನ್ನು ಆದಷ್ಟು ದೊಡ್ಡದಾಗಿ ತೆರೆದು ಬಿಸಿಲಿಗೆ ಹಿಡಿದಳು.

ಅವನೂ ನೋಡುತ್ತಾ ನಿಂತ. ಎಷ್ಟೋ ಹೊತ್ತು ಇಬ್ಬರೂ ಹಾಗೇ ಇದ್ದರು. ಅಕ್ಕನಿಗೆ ಏನೂ ಆಗಲಿಲ್ಲ.